ಸೊನ್ನೆಯಿಲ್ಲದ ಟೇಪು

ಅಡುಗೆಮನೆಯ ಗೂಡುಗಳಿಗೆ ಹಾಸಿದ್ದ ಕಾಗದ ಹಳೆಯದಾಗಿ, ಮೂಲೆಗಳಲ್ಲಿ ಸುರುಳಿ ಸುತ್ತಿಕೊಂಡು, ಡಬ್ಬಿ ಎಳೆದಾಗಲೆಲ್ಲ ಅದರ ಜೊತೆಗೇ ಎದ್ದು ಬರುತ್ತಿತ್ತು. ಅವತ್ತು ಸಂಜೆ ಎಲ್ಲವನ್ನೂ ಕಿತ್ತು ಹಾಕಿ, ಒಲೆಯ ಮೇಲೆ ಹಾಲಿಟ್ಟು, ಮಗಳನ್ನು ಕರೆದೆ.

"ಚೋಟೂ, ಬಾರೇ ಇಲ್ಲಿ. ಗೂಡಿಗೆ ಹೊಸ ಕಾಗದ ಕತ್ತರಿಸಿಕೊಡು. ಅಗಲ ಇಪ್ಪತ್ತನಾಲ್ಕು ಸೆಂಟಿಮೀಟರು ಇರ್ಲಿ."

ಚೋಟು ಅವಳ ನಿಜವಾದ ಹೆಸರಲ್ಲ. ಹುಟ್ಟಿದ ದಿನ ನಮ್ಮತ್ತೆ ಎತ್ತಿಕೊಂಡು, "ಚೋಟುದ್ದ ಇದೆಯಲ್ಲೇ ಕೂಸು!" ಅಂದದ್ದು ಹಾಗೇ ಅಂಟಿಕೊಂಡಿತು. ಈಗ ನಾಲ್ಕನೇ ಕ್ಲಾಸು. ಆಳು ಇನ್ನೂ ಚೋಟುದ್ದವೇ, ಮಾತು ಮಾರುದ್ದ. ಆದರೆ ಆ ವಾರ ಮಾತೂ ಗಿಡ್ಡವಾಗಿಬಿಟ್ಟಿತ್ತು.

"ನಾನು ಅಳೆಯಲ್ಲ," ಅಂದಳು ಬಾಗಿಲ ಹಿಂದಿನಿಂದ.

"ಯಾಕೆ ಪುಟ್ಟಾ?"

"ನಂಗೆ ಅಳತೆ ಬರಲ್ಲ. ಲೆಕ್ಕಾನೇ ಬರಲ್ಲ."

ಇದರ ಹಿನ್ನೆಲೆ ನನಗೆ ಗೊತ್ತಿತ್ತು. ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಲ್ಲ ಸೇರಿ ಒಂದನೇ ಕ್ಲಾಸಿನ ಪುಟಾಣಿಗಳಿಗೆ ಒಂದು ಓದುಮನೆ ಕಟ್ಟಬೇಕೆಂದು ಅವರ ಮಿಸ್ಸು ಹೊರಟಿದ್ದರು. ಪ್ಲೈವುಡ್ಡಿನ ಪುಟ್ಟ ಮನೆ. ಅದಕ್ಕೊಂದು ಬಾಗಿಲು, ಒಂದು ಕಿಟಕಿ, ಕಿಟಕಿಗೆ ಪರದೆ, ಒಳಗೆ ದಿಂಬು ಮತ್ತು ಪುಸ್ತಕ. ನನ್ನ ಗಂಡ ಮರಗೆಲಸದವರು. ಉಳಿದ ಹಲಗೆಗಳನ್ನು ಕೊಟ್ಟು, ತಾವೇ ಬಂದು ಕೊಯ್ದು ಜೋಡಿಸಿಕೊಡುವುದಾಗಿ ಒಪ್ಪಿದ್ದರು. ಅಳೆಯುವ ಕೆಲಸ ಮಾತ್ರ ಪೂರ್ತಿ ಮಕ್ಕಳದ್ದೇ. ಅದಕ್ಕೊಂದು ಅಳತೆ ತಂಡ.

ಆ ತಂಡದ ಸುದ್ದಿ ಬಂದ ದಿನ ಚೋಟು ನೆಲದ ಮೇಲೆ ಕಾಲೂರಿರಲಿಲ್ಲ. "ಅಪ್ಪನ ಟೇಪಿನ ತುದಿ ಹಿಡಿಯೋಳೇ ನಾನು. ನನ್ನ ಬಿಟ್ಟು ಇನ್ಯಾರನ್ನ ತಗೋತಾರೆ ಅಜ್ಜಿ?" ಎಂದು ಅಜ್ಜಿಯ ಕುರ್ಚಿಯ ಸುತ್ತ ಕುಣಿದಿದ್ದಳು.

ಸೋಮವಾರ ಮಿಸ್ಸು ಸಣ್ಣ ಪರೀಕ್ಷೆ ಇಟ್ಟರು. ಪೆನ್ಸಿಲ್ಲು, ಪುಸ್ತಕ, ಒಂದು ಎಲೆ, ಬಳಪದ ಡಬ್ಬಿ ಇವುಗಳನ್ನು ಸ್ಕೇಲಿನಲ್ಲಿ ಅಳೆದು ಹೇಳಬೇಕು. ಚೋಟು ಹೇಳಿದ್ದು ಒಂದೂ ಸರಿಯಾಗಲಿಲ್ಲ. ಒಂದೇ ಒಂದೂ ಇಲ್ಲ, ಎಲ್ಲವೂ ಜಾಸ್ತಿ! ಅವಳ ಪಕ್ಕದಲ್ಲಿ ಕೂರುವ ಗೆಳತಿಗೆ ಎಲ್ಲರೂ ಪಟಾಕಿ ಅಂತಾರೆ, ಬಾಯಿ ಹಾಗಿದೆ. ಆ ಹುಡುಗಿ ಚೋಟುವಿಗೆ ಅಲ್ಲೇ "ಜಾಸ್ತಿಯಮ್ಮ" ಎಂದು ಹೊಸ ನಾಮಕರಣ ಮಾಡಿಬಿಟ್ಟಳು. ಮಿಸ್ಸು ಒಳ್ಳೆಯವರು. "ಶುಕ್ರವಾರ ಇನ್ನೊಂದು ಸಲ ನೋಡೋಣ, ಆಗ್ಲೇ ತಂಡ ಆರಿಸ್ತೀನಿ," ಅಂದಿದ್ದರು. ಆದರೆ ನಮ್ಮವಳು ಮನೆಗೆ ಬಂದವಳೇ ಶುಕ್ರವಾರಕ್ಕೂ ಬಾಗಿಲು ಹಾಕಿಬಿಟ್ಟಳು.

"ನಾನು ಬಣ್ಣ ಹಚ್ಚೋ ತಂಡಕ್ಕೆ ಹೋಗ್ತೀನಿ."

ಬಣ್ಣ ಹಚ್ಚುವುದೇನೂ ಕೀಳು ಕೆಲಸವಲ್ಲ. ಆದರೆ ಅವಳ ಕಣ್ಣು ಟೇಪಿನ ಮೇಲಿತ್ತು. ಅದು ನನಗೂ ಗೊತ್ತು, ಅವಳಿಗೂ ಗೊತ್ತು. ಅದಕ್ಕಿಂತ ನನ್ನನ್ನು ಕಾಡಿದ್ದು ಬೇರೆ. ಅಳತೆ ಕೈಬಿಟ್ಟವಳು ಒಂದೊಂದಾಗಿ ಉಳಿದದ್ದನ್ನೂ ಕೈಬಿಡತೊಡಗಿದ್ದಳು. ಕಳೆಯುವ ಲೆಕ್ಕ ಮೊದಲೇ ಅವಳಿಗೆ ಕಬ್ಬಿಣದ ಕಡಲೆ. ಈಗ ಗುಣಾಕಾರ ಕೇಳಿದರೂ "ನಂಗೆ ಬರಲ್ಲ", ಗಡಿಯಾರ ನೋಡು ಅಂದರೂ "ನಂಗೆ ಬರಲ್ಲ". ಎಂಟೊಂಬತ್ತು ವರ್ಷದ ಮಗು "ಬರಲ್ಲ" ಅನ್ನುವುದನ್ನು ಇಷ್ಟು ಚೆನ್ನಾಗಿ ಕಲಿತುಬಿಟ್ಟರೆ ಮುಂದೆ ಇನ್ನೇನು ಕಲಿತೀತು?

"ಸ್ಕೇಲು ಬಿಡು. ನನ್ನ ಕಾಲದಲ್ಲಿ ಗೇಣು ಹಾಕಿ ಅಳೀತಿದ್ವಿ," ಎಂದರು ಅತ್ತೆ. ಕಿಟಕಿಯ ಬಳಿ ಕೂತು ಬಟಾಣಿ ಸುಲಿಯುತ್ತಿದ್ದರು. "ಒಬ್ಬರ ಗೇಣಿನ ಹಾಗೆ ಇನ್ನೊಬ್ಬರದ್ದು ಇರ್ತಿರಲಿಲ್ಲ, ಅದಕ್ಕೇ ಯಾರದ್ದೂ ತಪ್ಪಾಗ್ತಿರಲಿಲ್ಲ."

ಚೋಟುವಿಗೆ ನಗು ಬಂತು. ನಗು ಬಂದದ್ದೇ ಸಮಯ ಎಂದು ನಾನು ಸ್ಕೇಲು, ಕತ್ತರಿ, ಕಾಗದದ ಸುರುಳಿ ಮೂರನ್ನೂ ಅವಳ ಮುಂದಿಟ್ಟೆ. "ತಪ್ಪಾದ್ರೆ ಆಗ್ಲಿ. ಗೂಡು ನಂದು, ಮಾರ್ಕು ಹಾಕೋಳೂ ನಾನೇ."

ಅಳೆದೂ ಸುರಿದೂ ಕೂತಳು. ನಾನು ಪಾತ್ರೆ ತೊಳೆಯುತ್ತ ಅತ್ತ ನೋಡದ ಹಾಗೆ ನಟಿಸಿದೆ. ಸ್ವಲ್ಪ ಹೊತ್ತಿಗೆ ಪಟ್ಟಿಗಳು ಬಂದವು. ಮೇಲಿನ ಗೂಡಿಗೆ ಒಂದನ್ನು ಹಾಸಿದೆ. ಬೆರಳಗಲ ಗಿಡ್ಡ. ಎರಡನೆಯ ಗೂಡಿಗೆ ಹಾಸಿದೆ, ಅದೂ ಬೆರಳಗಲ ಗಿಡ್ಡ. ಮೂರನೆಯದೂ ಹಾಗೇ.

"ನೋಡು, ನಾನು ಹೇಳ್ಲಿಲ್ವಾ?" ಅವಳು ಕತ್ತರಿಯನ್ನು ಆಚೆ ತಳ್ಳಿದಳು. "ಶಾಲೇಲಿ ಒಂದು ಜಾಸ್ತಿ, ಮನೇಲಿ ಒಂದು ಕಮ್ಮಿ."

ನಾನು ಮೂರು ಪಟ್ಟಿಗಳನ್ನೂ ಒಂದರ ಮೇಲೊಂದು ಇಟ್ಟೆ. ಅಂಚಿಗೆ ಅಂಚು ಕೂತವು, ಕೂದಲೆಳೆಯ ವ್ಯತ್ಯಾಸವಿಲ್ಲ. ಬಾರದವಳು ಕತ್ತರಿಸಿದ್ದರೆ ಒಂದು ಉದ್ದ, ಒಂದು ಗಿಡ್ಡ, ಒಂದು ಸೊಟ್ಟ ಆಗಬೇಕಿತ್ತು. ಇದು ಅಚ್ಚು ಹಾಕಿದ ಹಾಗೆ ಒಂದೇ ತಪ್ಪು! ಕಳ್ಳನಾದರೂ ದಿನಾ ಒಂದೇ ಬಾಗಿಲಿನಿಂದ ಬಂದರೆ ಸಿಕ್ಕಿಬೀಳುತ್ತಾನೆ.

"ಶಾಲೇಲಿ ಎಲ್ಲಾನೂ ಒಂದೇ ಜಾಸ್ತಿ ಬಂತಾ? ಎರಡು, ಮೂರು ಅಂತ ಯಾವುದೂ ಇಲ್ವಾ?"

"ಎಲ್ಲಾ ಒಂದೇ. ಅದಕ್ಕೇ ತಾನೆ ಜಾಸ್ತಿಯಮ್ಮ ಅನ್ನೋದು."

"ಇನ್ನೊಂದು ಸಲ ಅಳಿ. ಈ ಸೌಟು ಅಳಿ. ನನ್ನ ಕಣ್ಣ ಮುಂದೆ."

ಅವಳು ಸೌಟನ್ನು ನೆಲದ ಮೇಲಿಟ್ಟಳು. ಸ್ಕೇಲನ್ನು ಪಕ್ಕಕ್ಕೆ ತಂದಳು. ಸ್ಕೇಲಿನ ಮೊದಲ ತುಂಡನ್ನು ಹಾಗೇ ಆಚೆ ಬಿಟ್ಟು, ಒಂದು ಅನ್ನುವ ಅಂಕಿಯನ್ನು ತಂದು ಸೌಟಿನ ತುದಿಗೆ ನಾಜೂಕಾಗಿ ಕೂರಿಸಿದಳು.

"ಅಲ್ಲಿಂದ ಯಾಕೆ ಕಂದಾ?"

ಅವಳು ನನ್ನನ್ನು ಏನೂ ಗೊತ್ತಿಲ್ಲದವಳನ್ನು ನೋಡುವ ಹಾಗೆ ನೋಡಿದಳು. "ತುದೀನ ನಂಬಬಾರದು ಅಲ್ವಾ? ಅಪ್ಪ ಹೇಳಿಲ್ವಾ?"

ಹಿಂದೆ ಹಾಲು ಸುಯ್ಯೆಂದು ಉಕ್ಕಿ ಒಲೆಯನ್ನೆಲ್ಲ ಮೀಯಿಸಿತು. "ಹಾಲೂ ಜಾಸ್ತಿಯಾಯ್ತು ನೋಡ್ರೇ!" ಎಂದು ಅತ್ತೆ ಕೂಗಿದರು. ನಾನು ಒಲೆ ಆರಿಸಿ, ಒದ್ದೆ ಕೈಯಲ್ಲೇ ಚೋಟುವಿನ ಕೈ ಹಿಡಿದು, ಚಪ್ಪಲಿ ಮೆಟ್ಟಿ, ಹಿಂದಿನ ಬೀದಿಯ ಅಂಗಡಿಗೆ ಓಡಿದೆ.

ಅಂಗಡಿ ಅಂದರೆ ಒಂದು ಉದ್ದನೆಯ ಕೋಣೆ. ಗೋಡೆಗೆ ಒರಗಿಸಿದ ಹಲಗೆಗಳು, ಮೊಳಕಾಲ ಮಟ್ಟದ ಬೆಂಚು, ನೆಲದ ತುಂಬ ಕೀಸುಳಿಯಿಂದ ಉದುರಿದ ಮರದ ಸುರುಳಿಗಳು, ಮೂಗಿಗೇರುವ ಅಂಟಿನ ವಾಸನೆ. ನನ್ನ ಗಂಡ ಕಿವಿಯ ಮೇಲೆ ಪೆನ್ಸಿಲ್ಲು ಸಿಕ್ಕಿಸಿಕೊಂಡು ಒಂದು ಕಪಾಟಿನ ಬಾಗಿಲು ಉಜ್ಜುತ್ತಿದ್ದರು. ತಾಯಿ ಮಗಳು ಏದುಸಿರು ಬಿಡುತ್ತ ನಿಂತದ್ದು ನೋಡಿ ಗಾಬರಿಯಾದರು.

"ಏನಾಯ್ತೇ? ಅಮ್ಮ ಹುಷಾರಾಗಿದಾರೆ ತಾನೆ?"

"ಅತ್ತೆಗೆ ಏನೂ ಆಗಿಲ್ಲ. ರೀ, ನೀವು ಟೇಪನ್ನ ಎಲ್ಲಿಂದ ಹಿಡೀತೀರಿ?"

"ಕೈಯಿಂದ!"

"ತಮಾಷೆ ಆಮೇಲೆ. ಈ ಹಲಗೆ ಅಳೆದು ತೋರಿಸಿ. ಚೋಟು ತುದಿ ಹಿಡೀಲಿ."

ಅವರು ಜೇಬಿನಿಂದ ಉಕ್ಕಿನ ಟೇಪು ಎಳೆದರು. ಅದರ ಮೂತಿಯ ಕೊಕ್ಕೆ ಯಾವಾಗಲೋ ಬಾಗಿ, ಸಡಿಲವಾಗಿ, ಲಟಲಟ ಅನ್ನುತ್ತಿತ್ತು. ಮೊದಲ ಅಂಕಿಗಳು ಉಜ್ಜಿ ಹೋಗಿ ಕಾಣುತ್ತಿರಲಿಲ್ಲ. ಚೋಟು ಎಂದಿನಂತೆ ಆ ತುದಿಯನ್ನು ಬಿಟ್ಟು, ಕೆಂಪು ಬಣ್ಣದ ಹತ್ತನ್ನು ಹಲಗೆಯ ಅಂಚಿಗೆ ಹಿಡಿದು, ಮೂಗು ತಾಗುವಷ್ಟು ಹತ್ತಿರ ಬಗ್ಗಿದಳು. ಆ ಕೊನೆಯಲ್ಲಿ ಅವರಪ್ಪ ನೋಡಿ, "ಎಂಬತ್ತೈದು," ಅಂದರು.

"ನೀನೀಗ ತುದಿ ನನಗೆ ಕೊಟ್ಟು, ಅಪ್ಪನ ಹತ್ತಿರ ಹೋಗಿ ನೋಡು," ಅಂದೆ.

ಅವಳು ಹೋದಳು. ಟೇಪನ್ನು ನೋಡಿದಳು. ಅಪ್ಪನನ್ನು ನೋಡಿದಳು. ಮತ್ತೆ ಟೇಪನ್ನು ನೋಡಿದಳು.

"ಅಪ್ಪಾ! ಇಲ್ಲಿ ತೊಂಬತ್ತೈದು ಇದೆ. ನೀನು ಎಂಬತ್ತೈದು ಅಂದೆ. ಸುಳ್ಳು!"

"ಸುಳ್ಳಲ್ಲ ಕಣೇ. ಹತ್ತರಿಂದ ಶುರು ಮಾಡಿದ್ವಲ್ಲ, ಅದಕ್ಕೆ ಹತ್ತು ಕಳೀಬೇಕು. ಕಳೆದೆ."

"ಯಾವಾಗ ಕಳೆದೆ?"

"ಈಗ್ಲೇ. ಮನಸ್ಸಲ್ಲಿ."

"ನಿಮ್ಮ ಮನಸ್ಸು ಮಗೂಗೆ ಕಾಣತ್ತೇನ್ರೀ?" ಅಂದೆ ನಾನು. ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. "ಕೂತ್ಕೊಂಡು ನಿಂತ್ಕೊಂಡು 'ತುದೀನ ನಂಬಬೇಡ ಮಗಳೇ' ಅಂತ ಪಾಠ ಹೇಳಿದೀರಿ. ಅರ್ಧ ಪಾಠ ಬಾಯಲ್ಲಿ, ಅರ್ಧ ಮನಸ್ಸಲ್ಲಿ. ಅವಳು ಬಾಯಿಂದ ಬಂದಷ್ಟನ್ನ ಚಾಚೂ ತಪ್ಪದೆ ಮಾಡಿದಾಳೆ. ಶಾಲೆಯ ಸ್ಕೇಲಿನ ತುದೀನೂ ನಂಬಿಲ್ಲ. ಒಂದರಿಂದ ಹಿಡಿದು, ಬಂದದ್ದು ಹಾಗೇ ಹೇಳಿದಾಳೆ."

ಪೆನ್ಸಿಲ್ಲು ಅವರ ಕಿವಿಯಿಂದ ಜಾರಿ ಮರದ ಸುರುಳಿಗಳ ನಡುವೆ ಬಿತ್ತು. "ಅಯ್ಯೋ ಪಾಪಿ! ನೀನು ಇಷ್ಟು ದಿನ ಈ ಕಡೆ ಬಂದು ನೋಡಲೇ ಇಲ್ವೇನೇ?"

"ನೀನು ಯಾವಾಗ್ಲೂ ನನ್ನ ಆ ತುದೀಲಿ ನಿಲ್ಲಿಸ್ತೀಯಲ್ಲಾ!"

ಅದೂ ನಿಜವೇ. ನಾನು ಅವಳ ಮುಖ ನೋಡುತ್ತಿದ್ದೆ. ಹುಬ್ಬುಗಳು ಗಂಟಿಕ್ಕಿದ್ದವು, ಆದರೆ ಅದು ಅಳುವ ಗಂಟಲ್ಲ. ಏನೋ ಹುಳ ಹೊಕ್ಕಿತ್ತು ತಲೆಗೆ.

"ಹಾಗಾದ್ರೆ ನಂದು ತಪ್ಪಲ್ವಾ?"

"ಮುಕ್ಕಾಲು ಪಾಲು ಸರಿ," ಅಂದೆ. "ಕೊನೇ ಮೆಟ್ಟಿಲು ಒಂದು ಬಿಟ್ಟಿದೀಯ ಅಷ್ಟೆ."

"ಸುಮ್ನೆ ಸೊನ್ನೆಯಿಂದ ಹಿಡಿ ಮಗಳೇ, ಕಳೆಯೋ ಗೋಜೇ ಇಲ್ಲ..." ಎಂದು ಅವರಪ್ಪ ಶುರು ಮಾಡಿದರು. ನಾನು ಕಣ್ಣು ಬಿಟ್ಟೆ. ಬಾಯಿ ಮುಚ್ಚಿದರು. ಚೋಟು ಅಷ್ಟರಲ್ಲಿ ಟೇಪನ್ನು ಅವರ ಕೈಯಿಂದ ಕಸಿದುಕೊಂಡು, ಹಲಗೆಯ ಅಂಚಿಗೆ ಇಪ್ಪತ್ತನ್ನು ಹಿಡಿದಿದ್ದಳು.

"ಅಮ್ಮಾ, ಆ ಕಡೆ ಎಷ್ಟಿದೆ?"

"ನೂರ ಐದು."

ಅವಳ ತುಟಿಗಳು ಆಡಿದವು. "ನೂರ ಐದರಲ್ಲಿ ಇಪ್ಪತ್ತು ಹೋದ್ರೆ... ಎಂಬತ್ತೈದು. ಅಪ್ಪಾ! ಮತ್ತೆ ಎಂಬತ್ತೈದೇ ಬಂತು!" ಆಮೇಲೆ ಮೂವತ್ತರಿಂದ ಹಿಡಿದಳು. ಮತ್ತೂ ಎಂಬತ್ತೈದೇ. "ಎಲ್ಲಿಂದ ಶುರು ಮಾಡಿದ್ರೂ ಹಲಗೆ ಅಷ್ಟೇ ಇರತ್ತೆ!" ಎಂದು ಕಿರುಚಿದಳು. ಪಕ್ಕದ ಬೀಗದ ಅಂಗಡಿಯವರು ಇಣುಕಿ ನೋಡಿ ಹೋದರು. ಹಲಗೆ ಅಷ್ಟೇ ಇರುತ್ತದೆ ಅನ್ನುವುದು ಅಷ್ಟು ದೊಡ್ಡ ಸುದ್ದಿಯೆಂದು ಅವರಿಗೆ ಅನ್ನಿಸಿರಲಿಕ್ಕಿಲ್ಲ. ನನಗಂತೂ ಊರಿಗೆಲ್ಲ ಕೂಗಿ ಹೇಳಬೇಕೆನ್ನಿಸಿತು.

ಅವತ್ತಿನಿಂದ ನಮ್ಮ ಮನೆಯಲ್ಲಿ ಅಳತೆಗೆ ಸಿಗದೆ ಉಳಿದದ್ದು ಬೆಕ್ಕಿನ ಬಾಲ ಮಾತ್ರ; ಅದು ನಿಲ್ಲುವುದಿಲ್ಲ. ನನ್ನ ಹೊಲಿಗೆಯ ಬಟ್ಟೆ ಟೇಪನ್ನು ನಡುಮನೆಯ ನೆಲದ ಮೇಲೆ ಉದ್ದಕ್ಕೆ ಅಂಟಿಸಿದಳು. ಚಮಚ ಏಳರಿಂದ ಇಪ್ಪತ್ತೆರಡು, ಅಂದರೆ ಹದಿನೈದು. ಅಜ್ಜಿಯ ಪಾದ ಹದಿಮೂರರಿಂದ ಮೂವತ್ತಾರು.

"ಇಪ್ಪತ್ತಮೂರು ಅಜ್ಜಿ!"

"ಅಷ್ಟೇನಾ? ಇನ್ನೊಂದೆರಡು ಸೇರಿಸೇ, ಜಾಸ್ತಿಯಮ್ಮ ಅಲ್ವಾ ನೀನು!"

ಮತ್ತೆ ಮುನಿಸಿಕೊಳ್ಳುತ್ತಾಳೆ ಎಂದುಕೊಂಡೆ. ಆದರೆ ಚೋಟು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅತ್ತೆ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವುದು ಅವರಿಗೆ ಚೆನ್ನಾಗಿ ಗೊತ್ತು.

ಕಳೆಯುವ ಲೆಕ್ಕದ ಕಗ್ಗಂಟೂ ಆ ನೆಲದ ಮೇಲೆಯೇ ಸಡಿಲವಾಯಿತು. ಐವತ್ತೆರಡರಲ್ಲಿ ಮೂವತ್ತೆಂಟು ಕಳೆ ಅಂದರೆ, ಎರಡರಲ್ಲಿ ಎಂಟು ಹೋಗದೆ, ಪಕ್ಕದ ಅಂಕಿಯಿಂದ ಹತ್ತನ್ನು ಎರವಲು ತಂದು, ತಂದದ್ದನ್ನು ಮರೆತು, ಕೊನೆಗೆ ಅಳುವುದು ಅವಳ ಪದ್ಧತಿ. ಗುರುವಾರ ನಾನು ಬಟ್ಟೆ ಮಡಿಸುತ್ತ ಮೆಲ್ಲನೆ ಕೇಳಿದೆ.

"ಚೋಟೂ, ಮೂವತ್ತೆಂಟರ ಮೇಲೆ ನಿಂತ್ಕೋ. ಐವತ್ತೆರಡಕ್ಕೆ ಎಷ್ಟು ದೂರ?"

ಅವಳು ಟೇಪಿನ ಪಕ್ಕ ಕುಕ್ಕುರುಗಾಲಲ್ಲಿ ಕೂತು, ಎರಡು ಬೆರಳುಗಳನ್ನು ಕಾಲು ಮಾಡಿಕೊಂಡು ಮೂವತ್ತೆಂಟರ ಮೇಲೆ ನಿಲ್ಲಿಸಿದಳು. ಬೆರಳು ನಲವತ್ತಕ್ಕೆ ಹಾರಿತು. "ಎರಡು." ಐವತ್ತಕ್ಕೆ ಉದ್ದನೆಯ ನೆಗೆತ. "ಹನ್ನೆರಡು." ಕೊನೆಗೊಂದು ಪುಟ್ಟ ಕುಪ್ಪಳಿಕೆ. "ಹದಿನಾಲ್ಕು! ಅಮ್ಮಾ, ಎರವಲೇ ತರ್ಲಿಲ್ಲ!"

"ಇನ್ನೊಂದು ಬೇಕಾ?"

"ಹತ್ತು ಕೊಡು!"

ಕೈಯಲ್ಲಿದ್ದ ಟವೆಲನ್ನು ನಾನು ಅದೆಷ್ಟು ಸಲ ಮಡಿಸಿ ಬಿಚ್ಚಿದೆನೋ. ಲೆಕ್ಕ ಕೊಡು ಎಂದು ನನ್ನ ಮಗಳು ಕೇಳುತ್ತಿದ್ದಳು!

ಶುಕ್ರವಾರ ಮಿಸ್ಸು ಪರದೆ ಹೊಲಿಯಲು ನನ್ನನ್ನೂ ಶಾಲೆಗೆ ಕರೆದಿದ್ದರು. ಕ್ಲಾಸಿನ ಹಿಂಭಾಗದಲ್ಲಿ ಒಂದು ಪುಟ್ಟ ಬೆಂಚು. ಅದರ ಮೇಲೆ ಮೊಳಕಾಲು ಗಲ್ಲಕ್ಕೆ ತಾಗುವ ಹಾಗೆ ಕೂತು ಸೂಜಿಗೆ ದಾರ ಪೋಣಿಸಿಕೊಂಡೆ. ಕೋಣೆಯ ನಡುವೆ ಓದುಮನೆಯ ಚೌಕಟ್ಟು ನಿಂತಿತ್ತು. ಹಲಗೆಗಳು ಗೋಡೆಗೆ ಒರಗಿದ್ದವು. ಮಧ್ಯಾಹ್ನ ನನ್ನ ಗಂಡ ಗರಗಸ ತೆಗೆದುಕೊಂಡು ಬರುವವರಿದ್ದರು. ಮರುದಿನದಿಂದ ಅವರಿಗೆ ಬೇರೆ ಕಡೆ ದೊಡ್ಡ ಕೆಲಸವಿತ್ತು, ಹಾಗಾಗಿ ಕೊಯ್ಯುವುದಾದರೆ ಅವತ್ತೇ.

"ಮೊದಲು ಬಾಗಿಲಿನ ಎತ್ತರ. ಇದನ್ನ ಸರಿಯಾಗಿ ಅಳೆದು ಹೇಳೋರು ಅಳತೆ ತಂಡಕ್ಕೆ," ಎಂದು ಮಿಸ್ಸು ಬೀರು ತೆರೆದು ಉದ್ದನೆಯ ಬಟ್ಟೆ ಟೇಪು ತೆಗೆದರು. ಬಿಚ್ಚುತ್ತ ಬಿಚ್ಚುತ್ತ ಅವರ ಮುಖ ಸಣ್ಣಗಾಯಿತು. "ಇದೇನಿದು?"

ಟೇಪಿನ ಮೂತಿಯೇ ಇರಲಿಲ್ಲ. ಒಂದನೇ ಕ್ಲಾಸಿನವರು ಯಾವುದೋ ಗೊಂಬೆಗೆ ಸೊಂಟಪಟ್ಟಿ ಮಾಡಲು ಕತ್ತರಿಸಿಕೊಂಡಿದ್ದರು. ಟೇಪು ಏಳರಿಂದ ಶುರುವಾಗುತ್ತಿತ್ತು.

"ಸೊನ್ನೆನೇ ಇಲ್ಲ ಮಿಸ್!" ಎಂದು ಇಡೀ ಕ್ಲಾಸು ಕೂಗಿತು.

"ಸಣ್ಣ ಸ್ಕೇಲು ಇಟ್ಟಿಟ್ಟು ಅಳೀತೀನಿ ಮಿಸ್," ಎಂದು ಪಟಾಕಿ ಮುಂದೆ ನುಗ್ಗಿದಳು. ಸ್ಕೇಲನ್ನು ಒಂದರ ಮೇಲೊಂದು ಇಟ್ಟು, ಬೆರಳು ಗುರುತು ಮಾಡಿಕೊಂಡು ಮೇಲೆ ಹತ್ತಿದಳು. ನೂರ ಒಂಬತ್ತು ಬಂತು. ಇನ್ನೊಬ್ಬಳು ಅಳೆದಳು, ನೂರ ಏಳು. ಬೆರಳು ಜಾರುತ್ತಿತ್ತು, ಸ್ಕೇಲು ಸೊಟ್ಟಗಾಗುತ್ತಿತ್ತು. ಯಾವುದನ್ನು ನಂಬುವುದು?

ಮಿಸ್ಸು ಗಡಿಯಾರ ನೋಡಿದರು. "ಬಿಡಿ ಮಕ್ಕಳೇ. ಅಳತೆ ತಂಡ ಇವತ್ತು ಬೇಡ. ಚೋಟು ಅಪ್ಪ ಬಂದಾಗ ಅವರ ಟೇಪಲ್ಲೇ ಅಳೆದುಕೊಳ್ಳಲಿ."

ಚೋಟು ಎರಡನೆಯ ಸಾಲಿನಲ್ಲಿ ಕೂತಿದ್ದಳು. ತಿರುಗಿ ನನ್ನನ್ನು ನೋಡಿದಳು. ಅವಳ ಕಣ್ಣಲ್ಲಿ ಏನಿತ್ತೆಂದು ನನಗೆ ಗೊತ್ತು: 'ಹೇಳ್ಲಾ?' ನನ್ನ ನಾಲಿಗೆಯ ತುದಿಗೆ ಬಂದಿತ್ತು, "ಹೇಳೇ, ಹೇಳು!" ಎಂದು. ಆದರೆ ನಾನು ಹೇಳಿಸಿದರೆ ಅದು ನನ್ನದಾಗುತ್ತದೆ, ಅವಳದ್ದಾಗುವುದಿಲ್ಲ. ಬಾಯಿಗೆ ಬೀಗ ಹಾಕಿಕೊಂಡು ಸೂಜಿಯ ಕಡೆಗೆ ಕಣ್ಣಿಳಿಸಿದೆ. ದಾರ ಯಾವಾಗಲೋ ಅದರ ಕಣ್ಣಿನಿಂದ ಜಾರಿಹೋಗಿತ್ತು. ಬರಿಸೂಜಿಯಲ್ಲೇ ಬಟ್ಟೆಗೆ ನಾಲ್ಕು ಹೊಲಿಗೆ ಹಾಕಿದೆ.

"ಮಿಸ್." ಸಣ್ಣ ದನಿ. "ಸೊನ್ನೆ ಬೇಡ ಮಿಸ್."

"ಏನಂದೆ ಪುಟ್ಟಾ?"

"ಸೊನ್ನೆ ಇಲ್ದೇನೂ ಅಳೀಬಹುದು. ನಾನು ಅಳೀಲಾ?"

"ಜಾಸ್ತಿಯಮ್ಮ ಬಂದ್ಲು ದಾರಿ ಬಿಡ್ರೋ!" ಎಂದಳು ಪಟಾಕಿ. ಕ್ಲಾಸು ಗೊಳ್ಳೆಂದಿತು. ಚೋಟು ಎದ್ದು ಹೋದಳು. ಟೇಪಿನ ತುಂಡಾದ ತುದಿಯನ್ನು ಬಿಟ್ಟು, ಹತ್ತನ್ನು ಹುಡುಕಿದಳು.

"ಲೇ ಪಟಾಕಿ, ಇಲ್ಲಿ ಬಾ. ಈ ಹತ್ತನ್ನ ನೆಲಕ್ಕೆ ಒತ್ತಿ ಹಿಡಿ. ಅಲ್ಲಾಡಿಸಬೇಡ."

ಪಟಾಕಿ ಬೆರಗಾಗಿ ಬಗ್ಗಿ ಹಿಡಿದಳು. ಚೋಟು ಕುರ್ಚಿ ಹತ್ತಿ, ಟೇಪನ್ನು ಬಿಗಿಯಾಗಿ ಎಳೆದು, ಚೌಕಟ್ಟಿನ ಮೇಲಂಚಿಗೆ ಕಣ್ಣು ತಂದಳು.

"ನೂರ ಹದಿನೆಂಟು!"

ಕೆಳಗಿನಿಂದ ಪಟಾಕಿ ಸಿಡಿದಳು. "ನೂರ ಹದಿನೆಂಟಂತೆ! ನಂಗೆ ನೂರ ಒಂಬತ್ತು ಬಂತು, ಅವಳಿಗೆ ನೂರ ಏಳು. ಈಗ ಹತ್ತು ಜಾಸ್ತಿ ಕಣ್ರೋ!"

ಮರೆತುಬಿಟ್ಟಿದ್ದಳು. ಗಡಿಬಿಡಿಯಲ್ಲಿ ಕೊನೆಯ ಮೆಟ್ಟಿಲು ಮರೆತೇಬಿಟ್ಟಿದ್ದಳು! ಕ್ಲಾಸಿನ ನಗು ಛಾವಣಿ ಮುಟ್ಟಿತು. ಕುರ್ಚಿಯ ಮೇಲೆ ನಿಂತ ಅವಳ ಕಿವಿಗಳು ಕೆಂಪಾದವು. ಸೋಮವಾರದ ಚೋಟುವಾಗಿದ್ದರೆ ಟೇಪು ಬಿಸಾಡಿ ಕೆಳಗಿಳಿಯುತ್ತಿದ್ದಳು. ನಾನು ಅರ್ಧ ಎದ್ದಿದ್ದೆ. ಬಟ್ಟೆಯನ್ನು ಮುಷ್ಟಿಯಲ್ಲಿ ಹಿಂಡಿ ಮತ್ತೆ ಕೂತೆ.

ಅವಳು ಟೇಪನ್ನು ಬಿಡಲಿಲ್ಲ. ಕೆಳಗೆ ಪಟಾಕಿಯ ಬೆರಳಿನಡಿಯ ಹತ್ತನ್ನು ನೋಡಿದಳು, ಮೇಲೆ ನೋಡಿದಳು, ಇದ್ದಕ್ಕಿದ್ದ ಹಾಗೆ ಅವಳಿಗೇ ನಗು ಬಂತು.

"ತಾಳ್ರೋ, ಇನ್ನೂ ಮುಗಿದಿಲ್ಲ! ನಮ್ಮಪ್ಪ ಮನಸ್ಸಲ್ಲಿ ಕಳೀತಾನೆ, ನಾನು ಬಾಯಲ್ಲಿ ಕಳೀತೀನಿ. ಹತ್ತರಿಂದ ಶುರು ಮಾಡಿದ್ವಿ. ನೂರ ಹದಿನೆಂಟರಲ್ಲಿ ಹತ್ತು ಹೋದ್ರೆ ನೂರ ಎಂಟು. ಬಾಗಿಲು ನೂರ ಎಂಟು!"

ನಗು ಅರ್ಧಕ್ಕೇ ನಿಂತಿತು. ನೂರ ಏಳಕ್ಕೂ ನೂರ ಒಂಬತ್ತಕ್ಕೂ ಸರಿಯಾಗಿ ನಡುವೆ ಕೂತಿತ್ತು ಅವಳ ಉತ್ತರ.

ಮಿಸ್ಸು ಮೆಲ್ಲಗೆ ಹತ್ತಿರ ಬಂದರು. ಅವರ ಕಣ್ಣುಗಳು ಅರಳಿದ್ದವು. "ಹತ್ತೇ ಯಾಕೆ? ಟೇಪು ಏಳರಿಂದ ಇದೆಯಲ್ಲ, ಏಳರಿಂದ ಹಿಡಿದಿದ್ರೆ?"

"ಹಿಡೀಬಹುದು ಮಿಸ್. ಹತ್ತು ಕಳೆಯೋದು ಸುಲಭ, ಅದಕ್ಕೆ. ಏಳರಿಂದ ಹಿಡಿದ್ರೆ..." ಕಣ್ಣು ಛಾವಣಿಗೆ ಹೋಯಿತು. "ನೂರ ಹದಿನೈದು ತೋರಿಸತ್ತೆ."

"ಅಳೀದೇನೇ ಹೇಳ್ತಿದೀಯಾ?"

"ಬಾಗಿಲು ಅಷ್ಟೇ ಇರತ್ತಲ್ಲ ಮಿಸ್!"

ಪಟಾಕಿ ಯಾರೂ ಹೇಳದೆ ಟೇಪನ್ನು ಜರುಗಿಸಿ ಏಳನ್ನು ನೆಲಕ್ಕೆ ಒತ್ತಿದಳು. ಮಿಸ್ಸೇ ಬಗ್ಗಿ ಮೇಲಿನ ಅಂಕಿ ಓದಿದರು. "ನೂರ... ಹದಿನೈದು!"

ಕೋಣೆ ಒಡೆದುಹೋಗುವಂತೆ ಕೇಕೆ! "ಇಪ್ಪತ್ತರಿಂದ ಹಿಡಿ!" ಎಂದು ಒಬ್ಬ ಕೂಗಿದ. "ನೂರ ಇಪ್ಪತ್ತೆಂಟು!" ಎಂದಳು ಚೋಟು. ಹಿಡಿದರು. ಅಷ್ಟೇ ಬಂತು. "ಮೂವತ್ತೈದರಿಂದ?" ಎಂದ ಇನ್ನೊಬ್ಬ, ಚೋಟು ಬಾಯಿ ತೆರೆಯುವ ಮುಂಚೆ ಪಟಾಕಿಯೇ ನೆಲದಿಂದ ಚೀರಿದಳು, "ತಡಿ ತಡಿ, ನಾನು ಹೇಳ್ತೀನಿ! ನೂರ ನಲವತ್ತಮೂರು!" ಎಲ್ಲರೂ ಬೆಂಚು ಬಿಟ್ಟು ಎದ್ದಿದ್ದರು. ಮಿಸ್ಸು ಸುಮ್ಮನಿರಿ ಎನ್ನುವುದನ್ನು ಬಿಟ್ಟು ತಾವೂ ಒಂದು ಅಂಕಿ ಕೂಗಿದರು.

"ಅಳತೆ ತಂಡದಲ್ಲಿ ಮೊದಲನೇ ಹೆಸರು ಚೋಟುದು," ಎಂದರು ಕೊನೆಗೆ. "ಎರಡನೇದು ಯಾರದ್ದಮ್ಮ, ನೀನೇ ಆರಿಸು."

ಚೋಟು ಕುರ್ಚಿಯಿಂದ ಕೆಳಗೆ ನೋಡಿದಳು. "ಪಟಾಕಿ ಮಿಸ್. ತುದಿ ಗಟ್ಟಿಯಾಗಿ ಹಿಡೀತಾಳೆ. ಆದ್ರೆ ಒಂದೊಂದು ಸಲ ಅವಳು ಈ ಕಡೆ ಬಂದು ಓದ್ಬೇಕು, ನಾನು ಆ ಕಡೆ ಹಿಡೀತೀನಿ."

ನನಗೆ ಕಣ್ಣು ಮಂಜಾಯಿತು. ಮಂಜಾದ ಕಣ್ಣಲ್ಲೇ, ಕೈಕಾಲು ಆಡದ ಸಂಭ್ರಮದಲ್ಲಿ, ಮಕ್ಕಳು ಅತ್ತ ಇಟ್ಟ ಟೇಪನ್ನು ತೆಗೆದುಕೊಂಡು ಪರದೆಯ ಬಟ್ಟೆ ಅಳೆದು ಸರಸರ ಕತ್ತರಿಸಿದೆ.

ಮಧ್ಯಾಹ್ನ ಅವರಪ್ಪ ಗರಗಸ ಹಿಡಿದು ಬಂದರು. ಹಲಗೆಯ ಮೇಲೆ ಮಕ್ಕಳು ಎಳೆದ ಗೆರೆ ನೋಡಿದರು. ಅಭ್ಯಾಸಬಲ, ಕೈ ಜೇಬಿನ ಟೇಪಿಗೆ ಹೋಯಿತು. ಚೋಟು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ನಂಬಿಕೆ ಇಲ್ವಾ?"

ಅವರು ಕೈಯನ್ನು ಹಾಗೇ ಹಿಂದಕ್ಕೆ ತೆಗೆದರು. "ತುದೀನ ನಂಬಬೇಡ ಅಂದಿದ್ದೆ ಕಣೇ. ಮಗಳನ್ನ ನಂಬಬೇಡ ಅಂದಿರ್ಲಿಲ್ಲ." ಗೆರೆಯ ಮೇಲೆ ಗರಗಸವಿಟ್ಟು ಕೊಯ್ದರು. ಮರದ ಹೊಟ್ಟು ಹಾರಿ ಮಕ್ಕಳ ತಲೆಯ ಮೇಲೆಲ್ಲ ಕೂತಿತು. ಬಾಗಿಲನ್ನು ಚೌಕಟ್ಟಿಗೆ ಕೂರಿಸಿ, ಕೀಲು ಬಿಗಿದು, ಚೋಟುವಿನ ಕಡೆ ತಳ್ಳಿದರು. ಅವಳು ಒಂದೇ ಬೆರಳಲ್ಲಿ ಮುಚ್ಚಿದಳು. ಎಲ್ಲೂ ಉಜ್ಜದೆ, ಎಲ್ಲೂ ಸಂದಿ ಬಿಡದೆ, ಟಪ್ಪೆಂದು ಕೂತಿತು. ಒಂದನೇ ಕ್ಲಾಸಿನ ಪುಟಾಣಿಗಳು ಹೋ ಎಂದು ಒಳಗೆ ನುಗ್ಗಿದರು.

"ಅಮ್ಮಾ, ಪರದೆ ಕೊಡು!" ಎಂದು ಚೋಟು ಕೈಚಾಚಿದಳು.

ಕಿಟಕಿಯ ಉದ್ದ ಅರವತ್ತು. ಪರದೆಯನ್ನು ಹಿಡಿದು ನೋಡಿದೆವು. ಅಂಗೈಯಗಲ ಗಿಡ್ಡ. ಕೆಳಗಿನಿಂದ ಒಂದು ಪುಟ್ಟ ಮುಖ ಇಣುಕಿ ನನ್ನನ್ನು ನೋಡಿ ನಕ್ಕಿತು.

ಚೋಟು ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಎಂಥ ತಾಳ್ಮೆ, ಎಂಥ ಮಮತೆ! ಅಡುಗೆಮನೆಯಲ್ಲಿ ನಾನು ಕೇಳಿದ ಧಾಟಿಯಲ್ಲೇ ಕೇಳಿದಳು.

"ಎಲ್ಲಿಂದ ಶುರು ಮಾಡಿದೆ ಕಂದಾ?"

"ಟೇಪಿನ ತುದಿಯಿಂದ," ಅಂದೆ. ತಲೆ ಎತ್ತಲಾಗಲಿಲ್ಲ. "ಅರವತ್ತಕ್ಕೆ ಕತ್ತರಿಸಿದೆ."

"ಟೇಪು ಏಳರಿಂದ ಶುರು ಅಲ್ವಾಮ್ಮ? ಅಳೆಯೋವಾಗ ಏಳು ಕಳೀಬೇಕು, ಕತ್ತರಿಸೋವಾಗ ಏಳು ಕೂಡಿಸಬೇಕು. ಅರವತ್ತೇಳಕ್ಕೆ ಕತ್ತರಿಸ್ಬೇಕಿತ್ತು." ಆಮೇಲೆ ನನ್ನ ಬೆನ್ನು ತಟ್ಟಿದಳು. "ಪರವಾಗಿಲ್ಲ. ಮುಕ್ಕಾಲು ಪಾಲು ಸರಿ. ಕೆಳಗೊಂದು ಅಂಚು ಕೊಟ್ಟು ಹೊಲಿ. ಏಳು ಅಗಲ ಸಾಕು."

ಅವರಪ್ಪ ಮುಖ ಆಚೆ ತಿರುಗಿಸಿಕೊಂಡು ನಗುತ್ತಿದ್ದರು. ಬೆನ್ನು ಕುಲುಕುತ್ತಿದ್ದುದು ಕಾಣುತ್ತಿತ್ತು. ಪಟಾಕಿ ಆಗಲೇ ಟೇಪಿನ ತುದಿ ಹಿಡಿದು ಸಿದ್ಧವಾಗಿದ್ದಳು. ನಾನು ಉಳಿದ ಬಟ್ಟೆಯನ್ನು ಬೆಂಚಿನ ಮೇಲೆ ಹರಡಿ, ಕತ್ತರಿ ಕೈಗೆತ್ತಿಕೊಂಡೆ.

"ಹೊಲಿಗೆಗೆ ಒಂದು ಜಾಸ್ತಿ ಬೇಕು ಕಣೇ. ಎಂಟು ಅಗಲ. ಎಲ್ಲಿಗೆ ಕತ್ತರಿಸ್ಲಿ, ಹೇಳು."

"ಹತ್ತರಿಂದ ಹಿಡಿದ್ರೆ..." ಎಂದು ಚೋಟು ಶುರು ಮಾಡಿದಳು. ಇಡೀ ಕ್ಲಾಸು, ಓದುಮನೆಯ ಒಳಗಿದ್ದ ಪುಟಾಣಿಗಳೂ ಸೇರಿ, ಒಂದೇ ದನಿಯಲ್ಲಿ ಕೂಗಿತು: "ಹದಿನೆಂಟಕ್ಕೆ!"